ಪೂಜೆಯಿಂದ ಇಳಿಯದ ಗಿಟಾರ್

ವೆಸ್ಟ್‌ಮಂಟ್, ಇಲಿನಾಯ್
ಭಾನುವಾರ, ೨ ನವೆಂಬರ್ ೨೦೨೫

ಪ್ರೀತಿಯ ಭಾನತ್ತೆ,

ಹೇಗಿದ್ದೀರಿ? ಮಂಡಿ ನೋವು ಕಡಿಮೆಯಾಯಿತೇ? ಮಿಶಿಗನ್ನಿನ ನಿಮ್ಮ ಕ್ಯಾಂಟನ್‌ನಲ್ಲಿ ಬೆಳಿಗ್ಗೆ ಮೂವತ್ತೊಂದು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ ಎಂದು ಫೋನ್ ತೋರಿಸುತ್ತಿದೆ. ಅಪಾರ್ಟ್‌ಮೆಂಟಿನವರು ಹೀಟರ್ ಸರಿಮಾಡಿಸಿದರೋ ಅಥವಾ ಇನ್ನೂ ಎರಡು ಸ್ವೆಟರ್ ಹಾಕಿಕೊಂಡು ಮಲಗುತ್ತಿದ್ದೀರೋ? ನಾನು ಚೆನ್ನಾಗಿದ್ದೇನೆ. ಹೀಗೆ ಬರೆಯುವುದು ನನಗೆ ಹಾಸ್ಟೆಲ್‌ನಿಂದ ಬಂದ ಅಭ್ಯಾಸ. ಮೈಸೂರಿನಲ್ಲಿ ಪ್ರತಿ ಭಾನುವಾರ ವಾರ್ಡನ್ ಎದುರಿಗೆ ಕೂತು ಮನೆಗೆ ಪತ್ರ ಬರೆಯಬೇಕಿತ್ತು. ಮೊದಲು ಆರೋಗ್ಯ ವಿಚಾರಿಸಬೇಕು, ಆಮೇಲೆ ನಾನು ಚೆನ್ನಾಗಿದ್ದೇನೆ ಅಂತ ಬರೆಯಬೇಕು, ಮೈ ಸುಡುತ್ತಿದ್ದರೂ. ವಾರ್ಡನ್ ಓದಿ ಒಪ್ಪಿದ ಮೇಲೆಯೇ ಪೋಸ್ಟ್. ಫೋನ್ ಮಾಡಿದರೆ ನಿಮ್ಮ ದನಿ ಕೇಳಿ ಅಳು ಬಂದುಬಿಡುತ್ತದೆ, ಅದಕ್ಕೇ ಈ ಕಾಗದ. ಇದನ್ನೂ ಮಾಮ ಓದಿ ಸ್ಟಾಂಪ್ ಹಚ್ಚುತ್ತೇನೆ ಎಂದಿದ್ದಾರೆ.

ಕಾಲೇಜು ನಡೆಯುತ್ತಿದೆ. ಕ್ಯಾಲ್ಕ್ಯುಲಸ್ ಮಿಡ್‌ಟರ್ಮ್‌ನಲ್ಲಿ ಅರವತ್ತೊಂದು ಬಂತು. ಪ್ರೊಫೆಸರ್ ಆಫೀಸಿಗೆ ಬಂದು ನೋಡು ಎಂದು ಈಮೇಲ್ ಮಾಡಿದ್ದರು. ಬಾಗಿಲವರೆಗೆ ಹೋದೆ, ಒಳಗೆ ಯಾರೋ ನಗುವುದು ಕೇಳಿಸಿತು, ವಾಪಸ್ ಬಂದೆ. ಮುಂದಿನ ವಾರ ಖಂಡಿತ ಹೋಗುತ್ತೇನೆ. ಅಮ್ಮನಿಗೆ ಹೇಳಬೇಡಿ, ತಮ್ಮನ ಮನೆಯಲ್ಲಿ ಬಿಟ್ಟದ್ದೇ ತಪ್ಪಾಯಿತು ಅಂತ ಶುರು ಮಾಡುತ್ತಾಳೆ.

ಮಾಮನ ದಿನಚರಿ ನೀವಿದ್ದಾಗಿನ ಹಾಗೆಯೇ ಇದೆ. ಏಳೂವರೆಗೆ ಇಟಾಸ್ಕಾದ ಆಫೀಸಿಗೆ ಹೊರಟರೆ ಸಂಜೆ ಐದರವರೆಗೆ ಊರವರ ಪಾಸ್‌ವರ್ಡ್ ರೀಸೆಟ್ ಮಾಡುವುದು. ಮಧ್ಯಾಹ್ನ ಪಾರ್ಕಿಂಗ್ ಲಾಟಿನಲ್ಲಿ ಕಾರಿನ ಗಾಜು ಏರಿಸಿಕೊಂಡು ಮೊಸರನ್ನ ತಿನ್ನುತ್ತಾ ತಮ್ಮ ಅಮೆರಿಕನ್ ಕಂಟ್ರಿ ಹಾಡು ಹಾಡಿಕೊಳ್ಳುವುದು. ಒಂದು ದಿನ ಅವರ ಮ್ಯಾನೇಜರ್ ಗಾಜು ತಟ್ಟಿ 'ಆರ್ ಯೂ ಓಕೆ, ಆಶ್?' ಎಂದು ಕೇಳಿದರಂತೆ, ಅಲ್ಲಿ ಅಶ್ವಥ್ ಅಲ್ಲ, ಬರೀ ಆಶ್. ಕಂಟ್ರಿ ಹಾಡಿನಲ್ಲಿ ಇರುವುದೇ ದುಃಖವಲ್ಲವೇ ಅತ್ತೆ, ನಾಯಿ ಸತ್ತಿತು, ಟ್ರಕ್ ಕೆಟ್ಟಿತು, ಮನೆ ಖಾಲಿಯಾಯಿತು. ಮಾಮನಿಗೆ ನಾಯಿ ಕಂಡರೆ ಭಯ, ಟ್ರಕ್ ಓಡಿಸಲು ಬರುವುದಿಲ್ಲ. ಆದರೂ ಹಾಡಿದರೆ ಎರಡೂ ಕಳೆದುಕೊಂಡವರ ಹಾಗೇ ಕೇಳಿಸುತ್ತದೆ. ಸೆಪ್ಟೆಂಬರ್‌ನಲ್ಲಿ ಒಂದು ಶನಿವಾರ ಮಧ್ಯಾಹ್ನ ನನ್ನನ್ನೂ ತಾವು ಹಾಡುವ ಡೌನರ್ಸ್ ಗ್ರೋವ್‌ನ ಬಾರಿಗೆ ಕರೆದುಕೊಂಡು ಹೋಗಿದ್ದರು. ಹದಿನೈದು ಜನ ಇದ್ದರು, ಅವರಲ್ಲಿ ಆರು ಜನ ಟೀವಿಯಲ್ಲಿ ಫುಟ್‌ಬಾಲ್ ನೋಡುತ್ತಿದ್ದರು. ಮಾಮನ ಜೊತೆ ಬೇಸ್ ಗಿಟಾರ್ ನುಡಿಸುವ ವೇನ್ ಅಂಕಲ್, ಅದೇ ಸ್ಕೂಲ್ ಬಸ್ ಓಡಿಸಿ ರಿಟೈರ್ ಆದವರು, ನಿಮ್ಮನ್ನು ಕೇಳಿದರು. ಮಿಶಿಗನ್‌ನಲ್ಲಿ ಕೆಲಸ ಎಂದೆ. 'ಓಹ್' ಎಂದು ಬೇಸ್‌ನ ತಂತಿ ಬಿಗಿಮಾಡತೊಡಗಿದರು.

ಈಗ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ಬರೆಯಲು ಕೈ ಬರುತ್ತಿಲ್ಲ. ಆಯುಧಪೂಜೆಯ ದಿನ ನೀವು ಮಾಡುತ್ತಿದ್ದ ಹಾಗೆಯೇ ಮಾಡಿದೆವು. ಲ್ಯಾಪ್‌ಟಾಪಿಗೆ ಕುಂಕುಮ, ಕಾರಿನ ಚಕ್ರಕ್ಕೆ ನಿಂಬೆಹಣ್ಣು, ದೇವರ ಮುಂದೆ ಮಣೆಯ ಮೇಲೆ ಗಿಟಾರ್. ನಿಮ್ಮ ಮದುವೆಯ ಹತ್ತನೇ ವರ್ಷಕ್ಕೆ ನೀವು ಕೊಡಿಸಿದ್ದು. ಸೇವಂತಿಗೆ ಸಿಗಲಿಲ್ಲ, ಕಾಸ್ಟ್‌ಕೋ ಅಂಗಡಿಯ ಗುಲಾಬಿ ಹಾಕಿದೆ. ವಿಜಯದಶಮಿ ಬೆಳಿಗ್ಗೆ ಹೂವು ತೆಗೆದು ಗಿಟಾರನ್ನು ಕೆಳಗಿಳಿಸಿ ಅವರ ಕೈಗೆ ಕೊಡುವವರು ನೀವಂತೆ. 'ತಗೊಳ್ಳಿ, ನನ್ನ ಸವತೀನ' ಎಂದು ಹೇಳಿ ಕೊಡುತ್ತೀರಂತೆ, ಅವರು ನಿಂತಲ್ಲೇ ಒಂದು ಹಾಡು ನುಡಿಸಬೇಕಂತೆ. ಮಾಮ ಇದನ್ನು ಹೇಳಿ ನಕ್ಕರು. ಈ ಸಲ ವಿಜಯದಶಮಿ ದಿನ ಅವರು ಬೇಗ ಆಫೀಸಿಗೆ ಹೊರಟಿದ್ದರು, ಗಿಟಾರಿನ ಕಡೆ ನೋಡಲೂ ಇಲ್ಲ. ನನಗೆ ಪಾಪ ಅನ್ನಿಸಿತು. ನೀವಿಲ್ಲ ಎಂದು ಶಾಸ್ತ್ರ ನಿಲ್ಲಬಾರದು ಎಂದುಕೊಂಡು ನಾನೇ ಇಳಿಸಿ ಕೊಡಲು ಹೋದೆ. ಬಿತ್ತು. ಗಿಟಾರಿನ ಕುತ್ತಿಗೆಯೂ ತಲೆಯೂ ಸೇರುವ ಜಾಗದಲ್ಲಿ ಬಿರುಕು ಬಿಟ್ಟಿದೆ. ನನ್ನ ಕೈ ಜಾರಿತು. ಕ್ಷಮಿಸಿ ಅತ್ತೆ. ಮಾಮ ಬೈಯಲಿಲ್ಲ, ಎತ್ತಿ ಮತ್ತೆ ಮಣೆಯ ಮೇಲಿಟ್ಟು ಬಿರುಕಿನ ಮೇಲೆ ಹೂವು ಸರಿಮಾಡಿದರು.

ಅಂದಿನಿಂದ ಒಂದು ತಿಂಗಳಾಯಿತು, ಅದು ಅಲ್ಲೇ ಇದೆ. ಗುಲಾಬಿ ಒಣಗಿ ಕಪ್ಪಾಗಿದೆ. ತೆಗೆಯಲೇ ಎಂದರೆ ಬೇಡ ಎನ್ನುತ್ತಾರೆ. ನಿನ್ನೆ ಅರೋರಾದಲ್ಲಿ ಕನ್ನಡ ಕೂಟದವರ ರಾಜ್ಯೋತ್ಸವ ಇತ್ತು. ಶಾರದಾ ಆಂಟಿ ಎಲ್ಲರ ಎದುರಿಗೆ 'ಏನ್ರೀ ಅಶ್ವಥ್, ಟೋಪಿನೂ ಇಲ್ಲ ಗಿಟಾರೂ ಇಲ್ಲ, ಕೌಬಾಯ್ ಹಸು ಮಾರಿಬಿಟ್ರಾ?' ಎಂದರು. 'ಪೂಜೇಲಿದೆ ಶಾರದಾ ಅವರೇ, ಭಾನು ಬಂದು ಇಳಿಸಿಕೊಡಬೇಕು' ಎಂದರು ಮಾಮ. ಎಲ್ಲರೂ ನಕ್ಕರು, ಎಷ್ಟು ಪ್ರೀತಿ ನೋಡಿ ಎಂದರು. ಮಾಮ ಬಿಸಿಬೇಳೆಬಾತ್ ತಟ್ಟೆಯನ್ನು ಎದೆಗೆ ಆನಿಸಿಕೊಂಡು ನಿಂತಿದ್ದರು. ವೇನ್ ಅಂಕಲ್ ವಾರಕ್ಕೆರಡು ಸಲ ಫೋನ್ ಮಾಡುತ್ತಾರೆ. ಇಪ್ಪತ್ತೆರಡನೇ ತಾರೀಕು ಶನಿವಾರ ಅದೇ ಬಾರಿನಲ್ಲಿ ಇವರಿಬ್ಬರದೇ ಪ್ರೋಗ್ರಾಂ, ಬೋರ್ಡಿನ ಮೇಲೆ ಮೊದಲ ಸಲ ಮಾಮನ ಪೂರ್ತಿ ಹೆಸರು ಬರೆದಿದ್ದಾರಂತೆ. ಬಿರುಕಿಗೆ ಅಂಟು ಹಾಕಿ ನಾನೇ ಕೂಡಿಸಿಕೊಡುತ್ತೇನೆ, ತಂದುಕೊಡು ಎನ್ನುತ್ತಾರೆ. ಮಾಮ ಇವತ್ತು ನಾಳೆ ಎನ್ನುತ್ತಿದ್ದಾರೆ. ಅವತ್ತು ಅವರು ವೇದಿಕೆ ಹತ್ತದಿದ್ದರೆ ಇನ್ನು ಹತ್ತುವುದೇ ಇಲ್ಲವೇನೋ ಎಂದು ನನಗೆ ಭಯ.

ಮಂಡಿಗೆ ಎಣ್ಣೆ ಹಚ್ಚುವುದು ಮರೆಯಬೇಡಿ. ಉಪ್ಪಿನಕಾಯಿ ಇನ್ನೂ ಅರ್ಧ ಜಾಡಿ ಇದೆ, ನಿಮ್ಮ ಪಾಲನ್ನು ನಾವು ಮುಟ್ಟಿಲ್ಲ. ಮಾಮ ನಿಮಗೆ ಹೇಳು ಎಂದದ್ದು ಇಷ್ಟೇ, ಕಾರಿಗೆ ಚಳಿಗಾಲದ ಟೈರ್ ಹಾಕಿಸಿಕೊಳ್ಳಬೇಕಂತೆ.

ನಿಮ್ಮ ಆಶೀರ್ವಾದ ಬೇಡುವ,
ಮಾಳವಿಕಾ

ತಾ.ಕ.: ಸೋಮವಾರ, ಲೈಬ್ರರಿಯಿಂದ. ಮಾಮ ಓದಿ ಅಂಟಿಸಿಕೊಟ್ಟ ಲಕೋಟೆಯನ್ನು ಒಡೆದಿದ್ದೇನೆ. ಇನ್ನು ಹತ್ತು ನಿಮಿಷಕ್ಕೆ ಕ್ಲಾಸ್ ಇದೆ, ಅಕ್ಷರ ಕ್ಷಮಿಸಿ. ಗಿಟಾರ್ ನಾನು ಬೀಳಿಸಲಿಲ್ಲ ಅತ್ತೆ. ಅವರ ಕೈಗೆ ಸರಿಯಾಗಿಯೇ ಕೊಟ್ಟೆ. ಅವರ ಎಡಗೈ ಬೆರಳು ಮುಚ್ಚಲೇ ಇಲ್ಲ. ಸೆಪ್ಟೆಂಬರ್‌ನಿಂದಲೇ ಜೋಮು ಹಿಡಿದ ಹಾಗಿದೆಯಂತೆ, ಈಗ ಆ ಕೈಯಿಂದ ಶರ್ಟಿನ ಬಲತೋಳಿನ ಗುಂಡಿ ಹಾಕಲೂ ಆಗುವುದಿಲ್ಲ. ದಿನಾ ಬೆಳಿಗ್ಗೆ ನಾನು ಹಾಕುತ್ತೇನೆ. 'ನೀನೇ ಬೀಳಿಸಿದೆ ಅಂತ ಬರಿ ಪುಟ್ಟಿ, ನಿನ್ನ ಮೇಲೆ ಅವಳು ಕೋಪ ಮಾಡ್ಕೊಳ್ಳಲ್ಲ. ಕೈ ವಿಷಯ ಗೊತ್ತಾದ್ರೆ ಪಾಪ ಅಂತ ಬರ್ತಾಳೆ. ಹಾಗೆ ಬರೋದು ಬೇಡ' ಎಂದರು. ದೇವರ ಮುಂದೆ ಮಾತು ಕೊಟ್ಟಿದ್ದೆ, ಮುರಿಯುತ್ತಿದ್ದೇನೆ. ನೀವು ಆಗಸ್ಟ್‌ನಲ್ಲಿ ಸೂಟ್‌ಕೇಸ್ ಕಾರಿಗೆ ಹಾಕುತ್ತಾ 'ಶನಿವಾರ ಭಾನುವಾರ ನಿಮ್ಮ ಗಿಟಾರ್ ಜೊತೆಗೇ ಇರಿ' ಎಂದದ್ದು ನನಗೂ ಕೇಳಿಸಿತ್ತು. ಈಗ ಅದೂ ಅವರ ಜೊತೆ ಇಲ್ಲ. ಹದಿನಾಲ್ಕನೇ ತಾರೀಕು ಶುಕ್ರವಾರ ಹತ್ತು ಗಂಟೆಗೆ ನರದ ಟೆಸ್ಟ್. ಆಸ್ಪತ್ರೆಯ ಕಾಗದ ಅವರ ಶೂ ಡಬ್ಬದಲ್ಲಿ ನೋಡಿದೆ. ಒಂದೇ ಕೈಯಲ್ಲಿ ಡ್ರೈವ್ ಮಾಡಿಕೊಂಡು ಒಬ್ಬರೇ ಹೋಗುತ್ತಾರೆ, ನನಗೆ ಡ್ರೈವಿಂಗ್ ಬರುವುದಿಲ್ಲ. ಗುರುವಾರವೇ ಬಂದುಬಿಡಿ. ಯಾಕೆ ಬಂದೆ ಎಂದು ಅವರು ಕೇಳಿದರೆ, ಗಿಟಾರ್ ಒಡೆದವಳಿಗೆ ಬೈಯಲು ಬಂದೆ ಎನ್ನಿ. ಬಾಗಿಲಲ್ಲೇ ಶುರು ಮಾಡಿ, ಜೋರಾಗಿ, ಅವರಿಗೆ ಕೇಳಿಸುವ ಹಾಗೆ. ನಾನು ಬೈಸಿಕೊಳ್ಳುತ್ತೇನೆ.