ತಪ್ಪು ಗಾಳಿಯಂತ್ರದ್ದಲ್ಲ

ಸೊರಟೂರ, ಜೂನ್ ೨೦

ಗಾಳಿಯಂತ್ರದ ಇಂಜಿನಿಯರ್ ಸಾಹೇಬರಿಗೆ ಮೈಲಾರಪ್ಪನ ನಮಸ್ಕಾರ.

ನಿಮ್ಮ ಯಂತ್ರದ ಗುಂಯ್ ಸದ್ದಿಗೆ ಅವ್ವನಿಗೆ ನಿದ್ದೆಯಿಲ್ಲ ಎಂದು ಕೊಟ್ಟ ದೂರನ್ನು ವಾಪಸ್ ಪಡೆಯುತ್ತೇನೆ. ನೀವು ಯಂತ್ರ ನಿಲ್ಲಿಸಿ ತೋರಿಸಿದಾಗಲೂ ಸದ್ದು ನಿಲ್ಲಲಿಲ್ಲ. ಆಮೇಲೆ ಪಂಪು, ಫ್ರಿಜ್ಜು ಒಂದೊಂದನ್ನೇ ಬಂದ್ ಮಾಡಿ ನೋಡಿದೆ. ಕೊನೆಗೆ ಸಿಕ್ಕಿದ್ದು ಅಂಗಳದಲ್ಲಿ ಮುತ್ತಜ್ಜ ಜೋಳ ತುಂಬಿಡಲು ನೆಲದೊಳಗೆ ತೋಡಿಸಿದ್ದ ಹಗೇವು. ಅದೀಗ ಖಾಲಿ, ಬಾಯಿಯ ಚಪ್ಪಡಿ ಸರಿದಿತ್ತು. ಗಾಳಿ ಮೇಲೆ ಹಾಯ್ದರೆ ಎದೆ ನಡುಗಿಸುವ ದನಿ!

ಒಂದು ಸಲಕ್ಕೆ ನಂಬದೆ, ಅಡುಗೆಮನೆಯಲ್ಲಿದ್ದ ಅವ್ವನಿಗೆ ತಿಳಿಸದೆ ಹತ್ತು ಸಲ ಮುಚ್ಚಿ ತೆರೆದೆ. ತೆರೆದಾಗ ಮಾತ್ರ, ಹತ್ತೂ ಸಲ, “ಬಂತು ನೋಡು” ಎಂದಳು.

ಗಾಳಿ ಅಳೆಯುವ ಸಾಧನ ತಂದು ನೀವೂ ಪರೀಕ್ಷಿಸಿರಿ. ಚಪ್ಪಡಿ ಮುಚ್ಚಿಲ್ಲ. “ಮುಚ್ಚಬ್ಯಾಡಲೇ, ನೆಲ ಉಸಿರಾಡಾಕ ಹತ್ತೈತಿ” ಎಂದ ಅವ್ವ ಅದರ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಗಾಢ ನಿದ್ದೆಯಲ್ಲಿದ್ದಾಳೆ.

ಇಂತಿ,
ಮೈಲಾರಪ್ಪ