ಮುಸುರೆಯ ಬಕೆಟ್ಟು

ಸಪ್ತಾಪುರ, ಧಾರವಾಡ
ಸೋಮವಾರ, 20 ಆಗಸ್ಟ್ 2001

ಚಿ. ಸೌ. ಗೋದಾಗೆ ಪ್ರೀತಿಯ ಆಶೀರ್ವಾದಗಳು.

ಮೊದಲು ನಿನ್ನ ಮೊಣಕಾಲು ಹೇಗಿದೆ ಬರೆ. ಚಿನ್ಮಯಿಯ ಮನೆ ಮೂರನೆಯ ಮಹಡಿ ಎಂದು ಗೊತ್ತಿದ್ದೂ ಮಗಳ ಬಾಣಂತನಕ್ಕೆಂದು ನಿನ್ನನ್ನು ಮಿರಜಿಗೆ ಕಳಿಸಿದೆನಲ್ಲ ಎಂದು ದಿನಕ್ಕೊಮ್ಮೆಯಾದರೂ ಅನಿಸುತ್ತದೆ. ಬಾಣಂತಿಗೆ ಎಣ್ಣೆ ಹಚ್ಚಲು ಹೆಂಗಸು ಸಿಕ್ಕಳೋ, ಇಲ್ಲಾ ಅದನ್ನೂ ನೀನೇ ಹೊತ್ತುಕೊಂಡಿದ್ದೀಯೋ? ಕೂಸಿಗೆ ತೂಕ ಏರಿದೆಯೇ? ತಂಗಿ ಹುಟ್ಟಿದ ಮೇಲೆ ಅತುಲ ಮೂತಿ ಉಬ್ಬಿಸಿಕೊಂಡು ಕೂತಿರಬೇಕು. ಅಜ್ಜ ಅವನಿಗಾಗಿ ಹನ್ನೊಂದು ಹೊಸ ಅಂಚೆಚೀಟಿ ಎತ್ತಿಟ್ಟಿದ್ದಾನೆ, ತಂಗಿಗೆ ಅದರಲ್ಲಿ ಪಾಲಿಲ್ಲ ಎಂದು ಹೇಳು.

ನಾನು ಆರಾಮ ಇದ್ದೇನೆ. ಗುಳಿಗೆ ತಪ್ಪಿಸಿಲ್ಲ. ಅನ್ನ ಒಮ್ಮೆ ಮುದ್ದೆ, ಒಮ್ಮೆ ಅಕ್ಕಿ. ನಡುವಿನದು ಇನ್ನೂ ಕೈಗೆ ಹತ್ತಿಲ್ಲ. ಮೇಲಿನ ಖೋಲಿಯ ಸುಮಲತಾ ಕಾಲೇಜಿನಿಂದ ಬಂದವಳೇ ಭಕ್ಕರಿ ಪಲ್ಯ ತಂದಿಡುತ್ತಾಳೆ, ಬಾಡಿಗೆದಾರಳು ಅನ್ನುವುದನ್ನು ಅವಳೂ ಮರೆತಿದ್ದಾಳೆ, ನಾನೂ ಮರೆತಿದ್ದೇನೆ. ನಾಡಿದ್ದು ಚೌತಿ. ಗಣಪ್ಪನನ್ನು ನಾನು ತರುತ್ತೇನೆ, ಕಡುಬು ಅವಳದು. ಹೂರಣ ಸಪ್ಪೆಯಾದರೆ ಗಣಪ್ಪ ನಿನ್ನನ್ನು ನೆನೆಸಿಕೊಂಡು ತಿನ್ನಬೇಕು.

ಹೋದ ವಾರ ಫೋನಿನಲ್ಲಿ ನೀನು ಓಣಿಯ ಸುದ್ದಿ ಏನು ಎಂದೆ, ನಾನು ಏನೂ ಇಲ್ಲ ಎಂದೆ. ಅದು ಸುಳ್ಳು. ಎಸ್.ಟಿ.ಡಿ. ಅಂಗಡಿಯ ಬಸಣ್ಣ ಕಿವಿ ನಿಮಿರಿಸಿ ಕೂತಿದ್ದ, ಎದುರಿಗೆ ಮೀಟರು ಓಡುತ್ತಿತ್ತು, ಮತ್ತು ಹೇಳುವ ವಿಷಯದಲ್ಲಿ ನನ್ನ ಮಾನ ಹೋಗುವ ಭಾಗ ಮೊದಲೇ ಬರುತ್ತಿತ್ತು. ಕಾಗದದಲ್ಲಾದರೆ ನಿನ್ನ ನಗು ನನಗೆ ಕೇಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಹೋದ ಮೂರನೆಯ ದಿನ ಪಾಲಿಕೆಯವರು ನಮ್ಮ ಮಾರುತಿ ಗುಡಿಯ ಕಟ್ಟೆಯ ಮೇಲೆ ಸಭೆ ಕರೆದರು. ಬಂದವನು ಆರೋಗ್ಯ ನಿರೀಕ್ಷಕ ಅಬ್ದುಲಗನಿ, ನನ್ನ ಕೈಯಲ್ಲಿ ಏಳನೆಯ ಇಯತ್ತೆ ಓದಿದ ಹುಡುಗ, ಈಗಲೂ ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾನೆ. ಊರು ಸ್ವಚ್ಛ ಇಡುವುದು ಪಾಲಿಕೆಯೊಂದರಿಂದ ಆಗುವ ಮಾತಲ್ಲ, ಓಣಿಗೊಬ್ಬ ಮುಖಂಡ ಬೇಕು ಎಂದ. ಹಸಿ ಕಸಕ್ಕೊಂದು, ಒಣ ಕಸಕ್ಕೊಂದು ಎಂದು ಎರಡು ಬಕೆಟ್ಟಿನ ಲೆಕ್ಕ ಹೇಳಿದ. ಯಾವ ಓಣಿಯವರು ಮೂರು ವಾರ ತಮ್ಮ ಹಸಿ ಕಸವನ್ನು ಓಣಿಯಲ್ಲೇ ಕರಗಿಸುತ್ತಾರೋ ಅವರ ಮೂಲೆಯ ಕಸದ ತೊಟ್ಟಿಯನ್ನು ಪಾಲಿಕೆ ಎತ್ತಿಕೊಂಡು ಹೋಗುತ್ತದೆ ಎಂದೂ ಹೇಳಿದ. ಆ ತೊಟ್ಟಿ, ಅದರ ಸುತ್ತ ಹೊರಳುವ ಹಂದಿಗಳು, ನಿನಗೆ ಹೇಳಬೇಕೇ? ಎಲ್ಲರೂ ಚಪ್ಪಾಳೆ ತಟ್ಟಿದರು. ಮುಖಂಡ ಯಾರು ಎಂದಾಗ ಎಲ್ಲರೂ ಚಪ್ಪಲಿ ಹುಡುಕತೊಡಗಿದರು. ಹಾಳೂರಿಗೆ ಉಳಿದವನೇ ಗೌಡ ಎಂಬಂತೆ ಆ ಪಟ್ಟ ನನಗೆ ಬಂತು. ನಿಜ ಹೇಳುತ್ತೇನೆ, ನನಗೆ ಸಂತೋಷವೇ ಆಯಿತು. ನಿವೃತ್ತನಾಗಿ ಆರು ವರ್ಷದ ಮೇಲೆ ಮತ್ತೆ ಯಾರೋ ನನ್ನ ಮಾತು ಕೇಳಲು ಸಾಲಾಗಿ ಕೂತಿದ್ದರು.

ಮುಖಂಡನ ಮೊದಲ ಕೆಲಸ, ಓಣಿಯಲ್ಲಿ ಹೊಲಸಿಗೆ ಕಾರಣವಾದ ಜಾಗಗಳ ಪಟ್ಟಿ ಬರೆದು ಕೊಡುವುದು. ನಾನು ಒಂದು ಬೆಳಗು ಪೂರ್ತಿ ಕೂತು ಬರೆದೆ. ಮೊದಲನೆಯ ಕಲಮು ಏನು ಗೊತ್ತೇ? ಓಣಿಯ ತುದಿಯಲ್ಲಿರುವ ದೇವಕ್ಕನ ಕೊಟ್ಟಿಗೆ. ಸೆಗಣಿ ಗಟಾರಕ್ಕೆ ಹರಿಯುತ್ತದೆ, ಸೊಳ್ಳೆ ಹೆಚ್ಚಿವೆ, ನಾಲ್ಕು ಎಮ್ಮೆಗಳ ಈ ಕೊಟ್ಟಿಗೆಯು ಓಣಿಯ ಆರೋಗ್ಯಕ್ಕೆ ಕಂಟಕಪ್ರಾಯವಾಗಿದೆ ಎಂದು ಬರೆದೆ. ಕಂಟಕಪ್ರಾಯ ಎಂಬ ಶಬ್ದ ಬಿದ್ದ ಜಾಗ ನೋಡಿ ನನಗೇ ಖುಷಿಯಾಗಿ ಎರಡು ಸಲ ಗಟ್ಟಿಯಾಗಿ ಓದಿಕೊಂಡೆ. ಅಬ್ದುಲಗನಿ ಪಟ್ಟಿ ಓದಿ, ಸರ್, ಇದು ಖರೇ ಏನ್ರಿ ಎಂದು ಕೇಳಿದ. ಬರೆದದ್ದು ನಾನು ಎಂದೆ. ಎಂಟು ದಿನದಲ್ಲಿ ದೇವಕ್ಕನಿಗೆ ನೋಟೀಸು ಬಂತು, ತಿಂಗಳೊಳಗೆ ಎಮ್ಮೆಗಳನ್ನು ಊರ ಹೊರಗೆ ಸಾಗಿಸಬೇಕು ಎಂದು. ಗಂಡ ಸತ್ತ ಮೇಲೆ ಆ ನಾಲ್ಕು ಎಮ್ಮೆಗಳ ಮೇಲೆಯೇ ಅವಳ ಸಂಸಾರ ನಡೆದಿದೆ ಎಂಬುದು ನನಗೂ ಗೊತ್ತಿತ್ತು. ಗೊತ್ತಿದ್ದೂ, ಸಾರ್ವಜನಿಕ ಹಿತ ಎಂದು ಮನಸ್ಸಿಗೆ ಹೇಳಿಕೊಂಡೆ.

ಈಗ ನೀನು ನಗುವ ಭಾಗ. ಜನರಿಗೆ ಹಸಿ ಕಸದ ಪಾಠ ಹೇಳಲು ನನಗೊಂದು ಬಕೆಟ್ಟು ಬೇಕಾಗಿತ್ತು. ಹಿತ್ತಲ ಬಾಗಿಲಲ್ಲಿ ಹಳೆಯ ತಗಡಿನ ಬಕೆಟ್ಟೊಂದು ನೊಣ ಮುತ್ತಿಕೊಂಡು ಬಿದ್ದಿತ್ತು. ಹುಣಸೆಹಣ್ಣು ಹಚ್ಚಿ ಫಳಫಳ ತಿಕ್ಕಿ, ಹಸಿ ಕಸ ಎಂದು ಚೀಟಿ ಅಂಟಿಸಿ, ಒಂದು ವಾರ ಮನೆ ಮನೆಗೆ ಅದನ್ನು ಹಿಡಿದು ಉಪನ್ಯಾಸ ಮಾಡಿದೆ. ಇನ್ನು ಮೇಲೆ ಯಾರೂ ಎಲ್ಲೆಂದರಲ್ಲಿ ಸುರಿಯಬಾರದು, ಯಾರಿಗೂ ಏನನ್ನೂ ಕೊಡಬಾರದು, ಎಲ್ಲ ಹಸಿ ಕಸ ಗುಡಿಯ ಹಿಂದಿನ ಗುಂಡಿಗೇ ಬರಬೇಕು ಎಂದು ಅಪ್ಪಣೆ ಕೊಟ್ಟೆ. ಹೆಂಗಸರು ಸೆರಗು ಬಾಯಿಗೆ ಹಚ್ಚಿಕೊಂಡು ಕೇಳಿದರು. ವಿಷಯ ಮನಸ್ಸಿಗೆ ನಾಟಿದೆ ಎಂದುಕೊಂಡೆ.

ಗುಂಡಿ ನಾಲ್ಕೇ ದಿನದಲ್ಲಿ ತುಂಬಿತು. ಶ್ರಾವಣದ ಜಿಟಿಜಿಟಿ ಮಳೆ, ನಾಯಿಗಳ ಜಗಳ, ಮಾರುತಿಗೆ ಮಂಗಳಾರತಿ ಮಾಡುವ ಪೂಜಾರಿಯ ಮೂಗಿಗೆ ಅರಿವೆ. ಜನ ಮತ್ತೆ ಮೂಲೆಯ ತೊಟ್ಟಿಗೇ ಸುರಿಯತೊಡಗಿದರು. ತೊಟ್ಟಿ ಹುಟ್ಟಿದಾಗಿನಿಂದ ಅಷ್ಟು ತುಂಬಿದ್ದಿಲ್ಲ. ನಾನು ಜನರಿಗೆ ಶಿಸ್ತಿಲ್ಲ ಎಂದು ಸುಮಲತಾಳ ಮುಂದೆ ಕೂಗಾಡಿದೆ. ಆ ಹುಡುಗಿ ಭಕ್ಕರಿಯ ತಾಟು ಕೆಳಗಿಟ್ಟು, "ಕಾಕಾ, ಸಿಟ್ಟಾಗಬ್ಯಾಡ್ರಿ, ನೀವು ಹಿಡಕೊಂಡು ತಿರಗ್ಯಾಡಾಕತ್ತಿದ್ದು ಕಾಕೂನ ಮುಸುರಿ ಬಕೀಟು" ಎಂದಳು.

ಆಮೇಲೆ ಅವಳು ಎಲ್ಲವನ್ನೂ ಬಿಡಿಸಿ ಹೇಳಿದಳು. ನಮ್ಮ ಓಣಿಯ ಇಪ್ಪತ್ತೆರಡು ಮನೆಗಳಲ್ಲಿ ಹದಿನೆಂಟು ಮನೆಯವರು ಅಕ್ಕಿ ತೊಳೆದ ನೀರು, ಕಾಯಿಪಲ್ಲೆಯ ಸಿಪ್ಪೆ, ಉಳಿದ ಅನ್ನ ಸಾರು ಎಲ್ಲವನ್ನೂ ಮುಸುರೆ ಎಂದು ಕೂಡಿಟ್ಟು ದೇವಕ್ಕನ ಎಮ್ಮೆಗಳಿಗೆ ಕೊಡುತ್ತಿದ್ದರು ಎಂದು. ಅದನ್ನು ರೂಢಿಗೆ ತಂದವಳು ನೀನು ಎಂದು. ದಿನಾ ನಾಲ್ಕು ಗಂಟೆಗೆ ಹಿತ್ತಲುಗಳ ಸಾಲು ಹಿಡಿದು ಹೋಗಿ, ಪ್ರತಿ ಬಕೆಟ್ಟಿನಲ್ಲಿ ಕೈ ಆಡಿಸಿ, ಪಿನ್ನು, ಬ್ಲೇಡು, ಹಾಲಿನ ಪಾಕೀಟಿನ ಚೂರು ಇಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ದೇವಕ್ಕನಿಗೆ ಒಪ್ಪಿಸುತ್ತಿದ್ದೆ ಎಂದು. ನೀನು ಹೋದ ಮೇಲೆ ಕೈ ಆಡಿಸುವವರಿಲ್ಲದೆ ದೇವಕ್ಕ ಎಮ್ಮೆಗೆ ಏನಾದೀತೆಂದು ಹೆದರಿ ಒಯ್ಯುವುದನ್ನು ಬಿಟ್ಟಳು. ಉಳಿದದ್ದನ್ನು ನನ್ನ ಅಪ್ಪಣೆ ಮುಗಿಸಿತು. ಪಾಲಿಕೆ ಈಗ ಕಲಿಸಲು ಬಂದದ್ದು ನಮ್ಮ ಹಿತ್ತಲ ಬಾಗಿಲಲ್ಲಿ ಮೂವತ್ತು ವರ್ಷದಿಂದ ನಡೆದಿತ್ತು, ನಾನು ಮುಂಬಾಗಿಲ ಕಟ್ಟೆಯ ಮೇಲೆ ಪೇಪರು ಓದುತ್ತಿದ್ದೆ. ದೀಪದ ಬುಡಕ್ಕೆ ಕತ್ತಲೆ ಎಂದು ಮಕ್ಕಳಿಗೆ ಎಷ್ಟು ಸಲ ಅರ್ಥ ಬರೆಸಿದ್ದೇನೋ.

ಮರುದಿನ ದೇವಕ್ಕನ ಕೊಟ್ಟಿಗೆಗೆ ಹೋದೆ. ಹಿಂಡಿ ಕಲಸುತ್ತಿದ್ದವಳು ಕೈ ತೊಳೆದುಕೊಂಡು ನನಗೆ ಕೂಡಲು ಒಂದು ಚೀಲ ಮಡಚಿ ಹಾಕಿದಳು. ಬೈದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಅವಳು ಬೈಯಲಿಲ್ಲ. "ಮಾಸ್ತರ್ರ, ಈ ನಾಕೂ ಎಮ್ಮಿ ನಿಮ್ಮ ಮನಿ ಮುಸುರಿ ಕುಡುದ ದೊಡ್ಡವಾಗ್ಯಾವ್ರಿ. ನೀವ ಹೊಲಸ ಅಂತ ಬರದ್ರ ನಾ ಯಾರ ಮುಂದ ಹೇಳ್ಲಿ?" ಎಂದಳು. ಗೋದಾ, ಮೂವತ್ತೈದು ವರ್ಷ ಕಲಿಸುವ ಕೆಲಸ ಮಾಡಿ ನಾನು ಯಾರೆದುರಿಗೂ ಹಾಗೆ ತಲೆ ತಗ್ಗಿಸಿ ಕೂತದ್ದಿಲ್ಲ. ಮನೆಗೆ ಬಂದು ಪಟ್ಟಿಯ ಪ್ರತಿಯನ್ನು ತೆಗೆದು ಕೆಂಪು ಮಸಿಯಿಂದ ಮೊದಲ ಕಲಮನ್ನು ಹೊಡೆದು ಹಾಕಿದೆ. ಆದರೆ ಮನೆಯಲ್ಲಿ ಕೂತು ಹೊಡೆದು ಹಾಕಿದರೆ ನೋಟೀಸು ರದ್ದಾಗುತ್ತದೆಯೇ?

ಆ ಭಾನುವಾರ ಕಟ್ಟೆಯ ಮೇಲೆ ಎಲ್ಲರನ್ನೂ ಕೂಡಿಸಿದೆ. ಅಬ್ದುಲಗನಿಯೂ ಬಂದಿದ್ದ. ಬೇರೆ ಭಾಷಣ ಮಾಡಲಿಲ್ಲ. "ಪಟ್ಟಿ ಬರದಾಂವ ನಾನ. ತಪ್ಪ ಬರದೇನಿ, ತಿದ್ದಲಿಕ್ಕ ಬಂದೇನಿ" ಎಂದೆ. ಅಬ್ದುಲಗನಿ ಎದ್ದು, ಇಡೀ ಓಣಿ ಸಹಿ ಹಾಕಿ ಕೊಟ್ಟರೆ ನೋಟೀಸನ್ನು ವಾರ್ಡಿನ ದೊಡ್ಡ ಸಭೆಯ ತನಕ ತಡೆಹಿಡಿಯಬಹುದು, ಆದರೆ ಸೆಗಣಿ ಗಟಾರಕ್ಕೆ ಹೋಗುವುದು ಮಾತ್ರ ನಿಲ್ಲಲೇಬೇಕು ಎಂದ. ಅದೂ ನ್ಯಾಯವೇ. ನನ್ನ ಪಟ್ಟಿಯಲ್ಲಿ ಸೆಗಣಿಯ ಮಾತು ಸುಳ್ಳಾಗಿರಲಿಲ್ಲ, ಹಾದಿ ತಪ್ಪಾಗಿತ್ತು. ತೊಟ್ಟಿಯ ಪಕ್ಕದ ಮನೆಯ ಬಾಳಕೃಷ್ಣರಾಯರು, ಸೊಳ್ಳೆಯಿಂದ ಎಲ್ಲರಿಗಿಂತ ಹೆಚ್ಚು ಬೇಸತ್ತವರು, ಗಟಾರ ಸ್ವಚ್ಛವಾಗುವ ತನಕ ಸಹಿ ಇಲ್ಲ ಎಂದರು. ಎಂದವರು ಮರುದಿನ ತಾವೇ ಸಲಿಕೆ ಹಿಡಿದು ಬಂದರು. ಮನೆಗೊಬ್ಬರಂತೆ ಬಂದು ಎರಡು ದಿನದಲ್ಲಿ ಕೊಟ್ಟಿಗೆಯ ಹಿಂದೆ ಗೊಬ್ಬರದ ತಿಪ್ಪೆಗೆ ಕಲ್ಲು ಕಟ್ಟಿದೆವು. ಈಗ ಒಂದು ಹನಿ ಗಟಾರಕ್ಕೆ ಹೋಗುವುದಿಲ್ಲ. ಗೊಬ್ಬರಕ್ಕೆ ವಿಶ್ವವಿದ್ಯಾಲಯದ ಕ್ವಾರ್ಟರ್ಸಿನವರೂ ಪಾಳಿ ಹಚ್ಚಿದ್ದಾರೆ. ಇಪ್ಪತ್ತೆರಡು ಸಹಿಗೆ ಇಪ್ಪತ್ತೆರಡು ಬಾಗಿಲು ತಟ್ಟಿದೆ. ಒಂದೊಂದು ಬಾಗಿಲಲ್ಲೂ ಮೊದಲು ನಿನ್ನನ್ನು ಕೇಳಿದರು, ಆಮೇಲೆ ಪೆನ್ನು ಕೇಳಿದರು.

ಮುಸುರೆಯ ಫೇರಿಗೆ ಈಗ ನಾನೇ ಹೋಗುತ್ತೇನೆ. ಹೌದು, ಅನ್ಯರ ಮನೆಯ ನೀರು ಕುಡಿಯಲೂ ಒಂದು ಕಾಲಕ್ಕೆ ಹಿಂದೆಮುಂದೆ ನೋಡುತ್ತಿದ್ದ ನಿನ್ನ ಗಂಡ. ಮೊದಲ ದಿನ ಕೈ ಹಾಕಿದವನು ಮನೆಗೆ ಬಂದು ಮೂರು ಸಲ ಸಾಬೂನು ಹಚ್ಚಿದೆ. ನಾಲ್ಕನೆಯ ದಿನ ಒಂದು ಬಕೆಟ್ಟಿನ ತಳದಲ್ಲಿ ಸೇಫ್ಟಿ ಪಿನ್ನು ಸಿಕ್ಕಿತು, ಬಾಯಿ ತೆರೆದದ್ದು. ಅದು ಎಮ್ಮೆಯ ಹೊಟ್ಟೆಗೆ ಹೋಗಿದ್ದರೆ ಎಂದು ಉಳಿದ ಬಕೆಟ್ಟುಗಳಲ್ಲೆಲ್ಲ ಎರಡೆರಡು ಸಲ ಕೈ ಆಡಿಸಿದೆ. ಮೂವತ್ತು ವರ್ಷದಲ್ಲಿ ನಿನಗೆ ಇಂಥವು ಎಷ್ಟು ಸಿಕ್ಕಿದ್ದವೋ, ಒಂದು ದಿನವೂ ಮನೆಯಲ್ಲಿ ಆಡಲಿಲ್ಲ. ನಾನಾಗಿದ್ದರೆ ಓಣಿಗೆಲ್ಲ ಡಂಗುರ ಸಾರಿಸುತ್ತಿದ್ದೆ.

ಮೊನ್ನೆ ಶನಿವಾರಕ್ಕೆ ಮೂರು ವಾರ ತುಂಬಿತು. ಪಾಲಿಕೆಯ ಲಾರಿ ಬಂದು ತೊಟ್ಟಿಯನ್ನು ಎತ್ತಿಕೊಂಡು ಹೋಯಿತು. ಓಣಿಗೆ ಓಣಿಯೇ ಹೊರಗೆ ನಿಂತಿತ್ತು. ಬಾಳಕೃಷ್ಣರಾಯರು ಆ ಜಾಗವನ್ನು ತೊಳೆದರು, ಸುಮಲತಾ ರಂಗೋಲಿ ಹಾಕಿದಳು, ದೇವಕ್ಕ ಎಲ್ಲರಿಗೂ ಗಿಣ್ಣ ಹಂಚಿದಳು, ಅವಳ ಕರಿ ಎಮ್ಮೆ ಈದಿದೆ. ಆಚೆ ಓಣಿಯವರು ನೋಡಲು ಬಂದು, ಇದು ಯಾರ ತಲೆಯಲ್ಲಿ ಹೊಳೆದದ್ದು ಮಾಸ್ತರ್ರ ಎಂದು ನನ್ನ ಕಡೆ ತಿರುಗಿದರು. ನನ್ನ ಹೆಂಡತಿಯ ತಲೆಯಲ್ಲಿ ಎಂದೆ. ಎದೆ ಉಬ್ಬಿಸಿ ಹೇಳಿದೆ. ನನಗೆ ನಿನ್ನ ಬಗ್ಗೆ ಬಹಳ ಹೆಮ್ಮೆ ಇದೆ ಗೋದಾ. ಇದನ್ನು ಹಿಂದೆ ಯಾವಾಗಲಾದರೂ ಬಾಯಿಬಿಟ್ಟು ಹೇಳಿದ ನೆನಪಿಲ್ಲ, ಆದ್ದರಿಂದ ಬರೆದೇ ಬಿಟ್ಟೆ.

ಚಿನ್ಮಯಿಗೆ, ಅಳಿಯಂದಿರಿಗೆ, ಅತುಲನಿಗೆ ಆಶೀರ್ವಾದ. ಕೂಸಿನ ಅಂಗಾಲಿಗೆ ಅಜ್ಜನ ಹೆಸರಲ್ಲಿ ಒಂದು ಮುದ್ದು ಕೊಡು. ಮೆಟ್ಟಿಲು ಇಳಿಯುವಾಗ ಕಟಕಟೆ ಹಿಡಿದುಕೋ.

ನಿನ್ನ
ಏಕನಾಥ

ತಾ.ಕ.: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ವಾರ್ಡಿನ ದೊಡ್ಡ ಸಭೆ ಸೆಪ್ಟೆಂಬರ್ 2ರ ಭಾನುವಾರ. ನೋಟೀಸು ರದ್ದಾಗುವುದೋ, ದೇವಕ್ಕ ಊರು ಬಿಡಬೇಕೋ, ಅಂದೇ ನಿಕ್ಕಿ. ಓಣಿಯ ಪರವಾಗಿ ಒಬ್ಬರು ವೇದಿಕೆಯ ಮೇಲೆ ನಿಂತು ಹೇಳಬೇಕು. ನಾನು ಎರಡು ಹಾಳೆ ಭಾಷಣ ಬರೆದುಕೊಂಡು ಹೋಗಿ ದೇವಕ್ಕನಿಗೆ ಓದಿ ತೋರಿಸಿದೆ. ಅವಳು ಪೂರ್ತಿ ಕೇಳಿ, "ಛಲೋ ಬರದೀರಿ. ಬಾಯಾರು ಯಾವಾಗ ಬರ್ತಾರ್ರಿ?" ಎಂದು ನಿನ್ನನ್ನು ವಿಚಾರಿಸಿದಳು. ಹೆಸರು ಬರೆಸುವ ಕಡೆಯ ದಿನ ಇವತ್ತೇ ಇತ್ತು. ನಿನ್ನನ್ನು ಕೇಳದೆ ನಿನ್ನ ಹೆಸರು ಬರೆಸಿ ಬಂದಿದ್ದೇನೆ. 25ಕ್ಕೆ ಬಾಣಂತಿಯ ನಲವತ್ತು ದಿನ ತುಂಬುತ್ತದೆ, ನೀನು 30ರ ಒಳಗೆ ಬಾ, ಸ್ಟೇಶನ್ನಿಗೆ ನಾನು ಬರುತ್ತೇನೆ. ಮಂದಿಯ ಮುಂದೆ ಮಾತಾಡಿ ಗೊತ್ತಿಲ್ಲ ಎನ್ನಬೇಡ. ಹಿತ್ತಲ ಬಾಗಿಲಲ್ಲಿ ಹೆಂಗಸರಿಗೆ ಹೇಗೆ ಹೇಳುತ್ತಿದ್ದೆಯೋ ಹಾಗೆಯೇ ಹೇಳು. ನಾನು ಮುಂದಿನ ಸಾಲಿನಲ್ಲಿ ಕೂತಿರುತ್ತೇನೆ. ನಡುವೆ ಎದ್ದು ತಿದ್ದುವುದಿಲ್ಲ.