ಐದು ವರ್ಷ ಓಡುವುದಾದರೆ ಡೀಸೆಲ್

ಮಡಿಕೇರಿ
ಗುರುವಾರ, 13-11-2025

ನನ್ನ ಮುದ್ದಿನ ತಂಗಿ ರಂಗಮ್ಮನಿಗೆ ಅಕ್ಕನ ಆಶೀರ್ವಾದ.

ತೊರೆನೂರಿನಲ್ಲಿ ನೀನೂ ನಿನ್ನ ಯಜಮಾನರೂ ಮಕ್ಕಳೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಈ ಸಲ ಶುಂಠಿಗೆ ಕೊಳೆರೋಗ ಬಿದ್ದಿಲ್ಲ ತಾನೆ? ದಸರೆಗೆ ಮೊದಲು ನೀನು ಬರೆದ ಕಾಗದಕ್ಕೆ ದೀಪಾವಳಿ ಕಳೆದ ಮೇಲೆ ಉತ್ತರ ಬರೆಯುತ್ತಿದ್ದೇನೆ, ಬೈದುಕೋ. ಫೋನಾದರೂ ಮಾಡಬಹುದಿತ್ತು ಎನ್ನುತ್ತೀಯ. ಕರಿಕೆಯ ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಜಗಲಿಯ ಒಂದು ಮೂಲೆಯಲ್ಲಿ ಮಾತ್ರ. ಅಲ್ಲಿ ನಿಂತು ಮಾತಾಡಿದರೆ ಮನೆಮಂದಿಗೆಲ್ಲ ಕೇಳಿಸುತ್ತದೆ. ನಿನ್ನ ಭಾವನಂತೂ ಪೇಪರು ಓದುವ ನೆಪದಲ್ಲಿ ಅಲ್ಲೇ ಕೂತಿರುತ್ತಾರೆ. ಅದಕ್ಕೇ ಇಲ್ಲಿ ಆಸ್ಪತ್ರೆಯ ಮಂಚದ ಮೇಲೆ ಮಲಗಿ ಬರೆಯುತ್ತಿದ್ದೇನೆ. ಎಡಗೈಯನ್ನು ಡಯಾಲಿಸಿಸ್ ಯಂತ್ರಕ್ಕೆ ಕೊಟ್ಟಾಗಿದೆ, ಬಲಗೈ ನಿನಗೆ. ಅಂಗನವಾಡಿ ಟೀಚರಾಗಿದ್ದವಳ ಅಕ್ಷರ ಇದೇನಾ ಎಂದು ನಗಬೇಡ.

ಆರೋಗ್ಯ ಹಾಗೇ ಇದೆ. ಕಿಡ್ನಿ ಕೈಕೊಟ್ಟು ಎರಡು ವರ್ಷವಾಗುತ್ತ ಬಂತು. ಸೋಮವಾರ, ಗುರುವಾರ ಇಲ್ಲಿಗೆ ಬರುವುದು, ಮಿಕ್ಕ ದಿನ ನೀರಿಗೆ ಆಸೆಪಡುವುದು, ಇಷ್ಟೇ ನನ್ನ ಕೆಲಸ. ಕುಡಿದದ್ದು ಮೈಯಲ್ಲೇ ನಿಲ್ಲುತ್ತದೆಂದು ನೀರನ್ನು ಅಳತೆ ಮಾಡಿ ಕೊಡುತ್ತಾರೆ. ಇಲ್ಲಿ ಡಯಾಲಿಸಿಸ್‌ಗೆ ದುಡ್ಡಿಲ್ಲ, ಸರ್ಕಾರದ್ದು. ಖರ್ಚಾಗುವುದೆಲ್ಲ ದಾರಿಗೆ. ಕರಿಕೆಯಿಂದ ಭಾಗಮಂಡಲದ ಘಾಟಿ ಹತ್ತಿ ಮಡಿಕೇರಿಗೆ ಬಂದು ವಾಪಸ್ ಹೋದರೆ ನೂರ ಇಪ್ಪತ್ತು ಕಿಲೋಮೀಟರಿನ ಮೇಲೆ. ಯಂತ್ರದಿಂದ ಎದ್ದ ಮೇಲೆ ಬಸ್ಸಿನಲ್ಲಿ ನಿಂತು ಹೋಗುವಷ್ಟು ಕಸುವು ನನ್ನಲ್ಲಿ ಇರುವುದಿಲ್ಲ.

ಹಾಗಾಗಿ ಇದುವರೆಗೂ ನಾಣಯ್ಯನ ಬಾಡಿಗೆ ಜೀಪಿನಲ್ಲೇ ಬರುತ್ತಿದ್ದೇವೆ. ಅವನು ನಮ್ಮ ಪಕ್ಕದ ತೋಟದವನು, ಒಳ್ಳೆಯ ಮನುಷ್ಯ. ಆದರೆ ಆ ಜೀಪು ಡೀಸೆಲ್ ಕುಡಿಯುವುದನ್ನು ಕಂಡರೆ ನನಗೆ ಹೊಟ್ಟೆಕಿಚ್ಚು, ಅದಕ್ಕೆ ಯಾರೂ ಅಳತೆ ಮಾಡಿ ಕೊಡುವುದಿಲ್ಲ. ಅದನ್ನು ಉಳಿಸಲು ಅವನು ಘಾಟಿ ಇಳಿಯುವಾಗ ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಬಿಟ್ಟುಬಿಡುತ್ತಾನೆ. ನಮ್ಮ ಕಡೆ ಎಲ್ಲರೂ ಮಾಡುವ ಕೆಲಸವೇ ಅದು. ಬ್ರೇಕು ಹಿಡಿಯುತ್ತದೇನಪ್ಪ ಎಂದು ಕೇಳಿದರೆ, "ಹಿಡಿಯದೆ ಎಂತ ಅಕ್ಕ? ಇಳಿಜಾರು ದೇವರು ಕೊಟ್ಟದ್ದು, ಅದಕ್ಕೆ ಯಾಕೆ ಡೀಸೆಲ್ ಸುಡುದು?" ಎನ್ನುತ್ತಾನೆ.

ಗೌರಿ ಹಬ್ಬದ ಹೊತ್ತಿಗೆ ಒಂದು ಸಂಜೆ ಹಾಗೇ ಸದ್ದಿಲ್ಲದೆ ಇಳಿಯುತ್ತಿದ್ದೆವು. ತಿರುವಿನಲ್ಲಿ ಆನೆ ನಿಂತಿತ್ತು. ನಾಣಯ್ಯ ಬ್ರೇಕು ಒತ್ತಿ ಒತ್ತಿ ಹೇಗೋ ನಿಲ್ಲಿಸಿದ. ಹಿಂದಕ್ಕೆ ಹೋಗೋಣವೆಂದರೆ ಕೀಲಿ ತಿರುಗಿಸಿದರೂ ಎಂಜಿನ್ ಏಳುತ್ತಿಲ್ಲ. ಆನೆ ನಮ್ಮನ್ನು ನೋಡುತ್ತಾ ನಿಂತಿದೆ, ನಾವು ಆನೆಯನ್ನು. ಕೊನೆಗೆ ಅದಕ್ಕೇ ಬೇಜಾರಾಗಿ ಕಾಡಿಗೆ ಇಳಿಯಿತು. ನನಗೆ ಅಷ್ಟೇನೂ ಹೆದರಿಕೆ ಆಗಲಿಲ್ಲ, ನಿಜವಾಗಿ. ನಮ್ಮ ಸುದೀಪನ ಮುಖದಲ್ಲಿ ಮಾತ್ರ ರಕ್ತವಿರಲಿಲ್ಲ. ಮನೆಗೆ ಬಂದವನೇ, "ಬಾಡಿಗೆ ಗಾಡಿ ಸಾಕವ್ವ. ನಮ್ದೇ ಒಂದು ಕಾರು ತಗೊಳ್ಳಾನ," ಅಂದ.

ಅಲ್ಲಿಂದ ಶುರುವಾಯಿತು ನೋಡು. ಊಟಕ್ಕೆ ಕೂತರೆ ಮೈಲೇಜು, ಎದ್ದರೆ ಮೈಲೇಜು. ನಿನ್ನ ಭಾವ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದವರು, ಲೆಕ್ಕವೆಂದರೆ ಅವರಿಗೆ ಹಬ್ಬ. ಕರೆಂಟಿನ ಕಾರು ತಗೊಂಡರೆ ಖರ್ಚೇ ಇಲ್ಲ ಎಂದು ಮೊದಲು ಹೇಳಿದರು. ಮಳೆಗಾಲದಲ್ಲಿ ಮರ ಬಿದ್ದು ವಾರಗಟ್ಟಲೆ ಕರೆಂಟು ಹೋದರೆ ನನ್ನನ್ನು ಹೊತ್ತುಕೊಂಡು ಹೋಗುತ್ತೀರಾ ಎಂದೆ, ಆ ಲೆಕ್ಕ ಹೊಡೆದುಹಾಕಿದರು. ಆಮೇಲೆ ಗ್ಯಾಸಿನದ್ದು. ಅದನ್ನು ತುಂಬಿಸಲು ನಮ್ಮ ಹತ್ತಿರದಲ್ಲಿ ಎಲ್ಲೂ ಪಂಪಿಲ್ಲ, ಘಾಟಿ ಹತ್ತುವಾಗ ಎಳೆಯುವುದೂ ಇಲ್ಲವಂತೆ. ಕೊನೆಗೆ ಉಳಿದದ್ದು ಪೆಟ್ರೋಲ್, ಡೀಸೆಲ್. ಪೆಟ್ರೋಲ್ ಕಾರಿಗೆ ಬೆಲೆ ಕಡಿಮೆ, ಓಡಿಸಲು ಖರ್ಚು ಜಾಸ್ತಿ. ಡೀಸೆಲ್ಲಿಗೆ ಮೊದಲೇ ಒಂದೂವರೆ ಲಕ್ಷ ಹೆಚ್ಚು ಸುರಿಯಬೇಕು, ಆಮೇಲೆ ಓಡಿದಷ್ಟೂ ಉಳಿತಾಯ. ಎಣ್ಣೆ ಹಾಕಿಸುವುದರಲ್ಲೂ ತಲೆನೋವು ಉಂಟು. ನಮಗೆ ಹತ್ತಿರವಿರುವುದು ಗಡಿಯಾಚೆ ಕೇರಳದ ಪಂಪು, ಅಲ್ಲಿ ರೇಟು ಜಾಸ್ತಿ, ಆದ್ದರಿಂದ ಮಡಿಕೇರಿಯಲ್ಲೇ ತುಂಬಿಸಿಕೊಂಡು ಹೋಗಬೇಕು.

ಕಂಪನಿಯವರು ಹೇಳುವ ಮೈಲೇಜನ್ನು ಸುದೀಪ ನಂಬಲಿಲ್ಲ. ಅವರಿಗೆ ನಮ್ಮ ತಿರುವುಗಳು ಗೊತ್ತಿಲ್ಲವಲ್ಲ. ಅದಕ್ಕೆ ಅವನ ಗೆಳೆಯ ಮಹೇಶನ ಡೀಸೆಲ್ ಕಾರನ್ನು ಒಂದು ಸಲ, ಸೊಸೈಟಿಯಲ್ಲಿ ಅವನ ಜೊತೆ ಕೆಲಸ ಮಾಡುವ ಆನಂದನ ಪೆಟ್ರೋಲ್ ಕಾರನ್ನು ಇನ್ನೊಂದು ಸಲ ಇಸಿದುಕೊಂಡು, ನನ್ನನ್ನೇ ಕೂರಿಸಿಕೊಂಡು ಪರೀಕ್ಷೆ ಮಾಡಿದ. ಟ್ಯಾಂಕಿನ ಬಾಯಿತನಕ ತುಂಬಿಸುವುದು, ಗಾಡಿ ಅಲ್ಲಾಡಿಸಿ ಇನ್ನೊಂಚೂರು ತುಂಬಿಸುವುದು, ಊರಿಗೆ ಹೋಗಿ ಬಂದು ಮತ್ತೆ ಅದೇ ಪಂಪಿನಲ್ಲಿ ತುಂಬಿಸಿ ಎಷ್ಟು ಹಿಡಿಯಿತು ಎಂದು ನೋಡುವುದು. ಏಸಿ ಹಾಕಿದರೆ ಮೈಲೇಜು ಬೀಳುತ್ತದಂತೆ. ಕಿಟಕಿ ತೆಗೆದರೆ ಗಾಳಿ ಹೊಕ್ಕು ಅದಕ್ಕೂ ಬೀಳುತ್ತದಂತೆ. ಹಾಗಾಗಿ ನಾನು ಒಳಗೆ ಬೇಯುತ್ತಾ ಕೂತೆ, ಚೇರಂಬಾಣೆ ದಾಟುವ ಹೊತ್ತಿಗೆ ಮಹೇಶನ ಕಾರಿನ ಸೀಟಿನ ಮೇಲೆ ವಾಂತಿ ಮಾಡಿದೆ. "ಆಸ್ಪತ್ರೆಗೆ ಹೋಗುವಾಗ ನಾನು ಮೂರು ಕೆಜಿ ನೀರು ಹೊತ್ತಿರುತ್ತೇನೆ, ಬರುವಾಗ ಇಳಿಸಿ ಬರುತ್ತೇನೆ. ಅದನ್ನೂ ಲೆಕ್ಕಕ್ಕೆ ಹಿಡಿಯಪ್ಪ," ಎಂದು ರೇಗಿಸಿದೆ. ಸುದೀಪ ತುಂಬಾ ದಿನದ ಮೇಲೆ ನಕ್ಕ. ಅವನು ನಗುವುದನ್ನು ನೋಡಿ ನನಗೂ ಸುಖವಾಯಿತು.

ಇನ್ನು ಮುಂದಿನದನ್ನು ಯಾರಿಗೂ ಹೇಳಬೇಡ, ನಿನ್ನ ಯಜಮಾನರಿಗೂ.

ಹೋದ ತಿಂಗಳು ಎಲ್ಲರೂ ಶೋರೂಮಿಗೆ ಹೋದೆವು. ಸೊಸೆ ರಂಜಿತಾ ಕೂಸನ್ನು ಎತ್ತಿಕೊಂಡು ಬಂದಿದ್ದಳು. ಕಾವ್ಯಶ್ರೀ ಎಂಬ ಹುಡುಗಿ ನಮಗೆಲ್ಲ ಕುರ್ಚಿ ಹಾಕಿಸಿ, ಜ್ಯೂಸು ತರಿಸಿ, ಬಹಳ ಮರ್ಯಾದೆಯಿಂದ ವಿವರಿಸಿದಳು. ನನ್ನ ಪಾಲಿನ ಜ್ಯೂಸನ್ನು ನಿನ್ನ ಭಾವ ಮೆಲ್ಲಗೆ ಆಚೆ ಸರಿಸಿದರು. ತಿಂಗಳಿಗೆ ಎಷ್ಟು ಓಡಿಸುತ್ತೀರಿ ಎಂದು ಆ ಹುಡುಗಿ ಕೇಳಿದಳು. ಸುದೀಪ ಹೇಳಿದ. ಅವಳು ಫೋನಿನಲ್ಲಿ ಒತ್ತಿ ನೋಡಿ, "ಐದು ವರ್ಷ ಇಷ್ಟೇ ಓಡಿಸ್ತೀರ ಅಂದ್ರೆ ಡೀಸೆಲ್ ತಗೊಳ್ಳಿ ಸಾರ್, ಹಾಕಿದ ದುಡ್ಡು ವಾಪಸ್ ಬರುತ್ತೆ. ಅದಕ್ಕಿಂತ ಕಡಿಮೆ ಅಂದ್ರೆ ಪೆಟ್ರೋಲೇ ಲಾಭ. ಈ ಓಡಾಟ ಇನ್ನೂ ಎಷ್ಟು ವರ್ಷ ಇರುತ್ತೆ?" ಎಂದಳು. ಪಾಪ, ಅವಳಿಗೇನು ಗೊತ್ತು? ತೋಟಕ್ಕೋ ಆಫೀಸಿಗೋ ಓಡಾಡುವವರು ಎಂದುಕೊಂಡಿದ್ದಾಳೆ.

ನಿನ್ನ ಭಾವ ನೆಲ ನೋಡಿದರು. ರಂಜಿತಾ ಕೂಸಿನ ಟೋಪಿ ಸರಿಮಾಡಿದಳು. ನಾನು ಸುದೀಪನನ್ನೇ ನೋಡುತ್ತಿದ್ದೆ. ಅವನು ತಡಮಾಡಲಿಲ್ಲ ರಂಗೂ. "ಜಾಸ್ತಿ ದಿನ ಇರಲ್ಲ ಮೇಡಂ. ಒಂದು ವರ್ಷ ಅಂತ ಇಟ್ಕೊಳಿ. ಪೆಟ್ರೋಲೇ ಬರ್ಕೊಳಿ," ಅಂದ.

ಕಾಫಿ ಗಿಡ ಇನ್ನೆಷ್ಟು ಫಸಲು ಕೊಟ್ಟೀತು ಎಂದು ನೋಡಿ, ಕೀಳಬೇಕಾದದ್ದಕ್ಕೆ ತೋಟದಲ್ಲಿ ಸುಣ್ಣದ ಗುರುತು ಹಾಕುತ್ತಾರಲ್ಲ, ನಿನ್ನ ಭಾವ ಆ ಕೆಲಸ ಮಾಡುವುದನ್ನು ನಾನು ಎಷ್ಟೋ ವರ್ಷ ನೋಡಿದ್ದೇನೆ. ಅವತ್ತು ನನಗೇ ಸುಣ್ಣದ ಗುರುತು ಬಿದ್ದಂತಾಯಿತು. ಬಣ್ಣ ಯಾವುದು ಬೇಕು ಆಂಟಿ ಎಂದು ಆ ಹುಡುಗಿ ಕೇಳಿದಳು, ಬಿಳಿ ಎಂದೆ.

ಅವನು ಹೇಳಿದ್ದರಲ್ಲಿ ತಪ್ಪೇನಿದೆ ಎಂದು ನೀನು ಕೇಳಬಹುದು. ನಾನೂ ನನ್ನನ್ನು ಕೇಳಿಕೊಂಡೆ. ನನ್ನ ಪಕ್ಕದ ಮಂಚದಲ್ಲಿ ಪಾಲಿಬೆಟ್ಟದ ಒಬ್ಬರು ಮಲಗುತ್ತಿದ್ದರು, ಓಣಂ ಕಳೆದ ಮೇಲೆ ಅವರು ಬರಲಿಲ್ಲ. ನಾನೇನು ಇಲ್ಲೇ ಗೂಟ ಹೊಡೆದುಕೊಂಡು ಕೂರುತ್ತೇನೆಂದು ಹೇಳಿಲ್ಲ. ಆದರೆ ಹೆತ್ತ ಮಗ, ನಾನು ಎದುರಿಗೆ ಕೂತಿರುವಾಗ, ಒಂದು ವರ್ಷ ಎನ್ನಬಾರದಿತ್ತು. ಸುಳ್ಳಾದರೂ ಹತ್ತು ವರ್ಷ ಎನ್ನಬೇಕಿತ್ತು. ಒಂದೂವರೆ ಲಕ್ಷ ನಷ್ಟವಾದರೆ ಆಗಲಿ, ನಾನು ಸತ್ತ ಮೇಲೆ ಆ ಕಾರಿನಲ್ಲಿ ಹೆಂಡತಿ ಮಗುವನ್ನು ಕೂರಿಸಿಕೊಂಡು ತಿರುಗಲಿ. ನನಗೆ ಬೇಕಾಗಿದ್ದದ್ದು ಡೀಸೆಲ್ಲಲ್ಲ, ಆ ಒಂದು ಮಾತು.

ಅವತ್ತಿಂದ ಅವನ ಜೊತೆ ಹೆಚ್ಚು ಮಾತಿಲ್ಲ. ಕೇಳಿದ್ದಕ್ಕೆ ಹೂಂ, ಉಹೂಂ. ಅವನು ಮಾತ್ರ ಏನೂ ಆಗದವನ ಹಾಗೆ ಮಾತ್ರೆ ಎಣಿಸಿ ಕೊಡುತ್ತಾನೆ, ಕಾಲೊತ್ತುತ್ತಾನೆ. ಅದು ಇನ್ನೂ ಸಿಟ್ಟು ಬರಿಸುತ್ತದೆ. ಹೋದ ವಾರ ಸಿಟ್ಟಿಗೆ ದೊಡ್ಡ ಲೋಟದಲ್ಲಿ ಕಾಫಿ ಮಾಡಿಕೊಂಡು ಎರಡು ಸಲ ಕುಡಿದೆ. ಇಲ್ಲಿ ತೂಕ ನೋಡಿದ ನರ್ಸ್ ಚಿತ್ರಾ, "ಎಂತ ಅಮ್ಮ, ಕಾವೇರಿನೇ ಕುಡ್ಕೊಂಡು ಬಂದ್ರಾ?" ಎಂದು ಬೈದಳು. ಆ ದಿನ ಯಂತ್ರದಲ್ಲಿರುವಾಗ ಕಾಲಿಗೆ ಸೆಳೆತ ಬಂದು ಒದ್ದಾಡಿಬಿಟ್ಟೆ. ಸುದೀಪ ಹೊರಗಿನ ಬೆಂಚಿನಲ್ಲಿ ತಲೆ ಹಿಡಿದುಕೊಂಡು ಕೂತಿದ್ದನಂತೆ. ಚಿತ್ರಾ ಹೇಳಿದಾಗ, ಕೂತಿರಲಿ ಬಿಡು ಎಂದುಕೊಂಡೆ.

ಕಾರು ಇನ್ನು ಹದಿನೈದು ದಿನಕ್ಕೆ ಬರುತ್ತದೆ. ಪೂಜೆಗೆ ನೀನು ಬರಲೇಬೇಕು, ಬಂದರೆ ನನಗೆ ನಗುಮುಖ ಇಟ್ಟುಕೊಳ್ಳಲು ಧೈರ್ಯ ಬರುತ್ತದೆ. ಬರುವಾಗ ನಿನ್ನ ಹಿತ್ತಲಿನ ಸೇವಂತಿಗೆ ತಾ. ಮಕ್ಕಳಿಗೆ ನನ್ನ ಮುತ್ತು. ನಿನ್ನ ಮನೆಯ ಒಲೆ ಸದಾ ಉರಿಯುತ್ತಿರಲಿ, ನೀನು ನನಗಿಂತ ಬಹಳ ವರ್ಷ ನೀರು ಕುಡಿದುಕೊಂಡು ಗಟ್ಟಿಯಾಗಿರು.

ಇಂತು ನಿನ್ನ ಅಕ್ಕ,
ಕಾಳಮ್ಮ

ಮರೆತ ಮಾತು: ಇವತ್ತು ಸೋಮವಾರ. ಕಾಗದವನ್ನು ಅಂಚೆಗೆ ಹಾಕಿರಲಿಲ್ಲ, ಒಳ್ಳೆಯದಾಯಿತು. ನಿನ್ನೆ ಮಧ್ಯಾಹ್ನ ಗಂಡಸರು ತೋಟದಲ್ಲಿದ್ದರು. ರಂಜಿತಾ ಅಡುಗೆಮನೆಯಲ್ಲಿ ನನ್ನ ಹತ್ತಿರ ಬಂದು ಕೂತು ಅಳತೊಡಗಿದಳು. "ಅತ್ತೆ, ನೀವು ಅವ್ರ ಜೊತೆ ಮಾತು ಬಿಟ್ಟಿರೋದು ಕಾರಿನ ವಿಷಯಕ್ಕೆ ಅಂತ ಗೊತ್ತು. ಅವ್ರು ಒಂದು ವರ್ಷ ಅಂದಿದ್ದು ನೀವಂದ್ಕೊಂಡ ಹಾಗಲ್ಲ. ಅವ್ರ ಕಿಡ್ನಿ ನಿಮಗೆ ಕೊಡ್ತಾರಂತೆ. ರಕ್ತ ಹೊಂದಿದೆ, ಮೈಸೂರಲ್ಲಿ ಟೆಸ್ಟ್ ನಡೀತಿದೆ. ಆಪರೇಷನ್ ಆದ್ಮೇಲೆ ಈ ಓಡಾಟವೇ ಇರಲ್ಲ ಅಂತ ಪೆಟ್ರೋಲ್ ತಗೊಂಡ್ರು," ಅಂದಳು. ಮನೆಯವರ ಮೈಗೆ ಕತ್ತಿ ಹಾಕಿಸುವುದಾದರೆ ನಾನು ಆಸ್ಪತ್ರೆ ಬಾಗಿಲಿಗೂ ಬರುವುದಿಲ್ಲ ಎಂದು ಮೊದಲೇ ಹೇಳಿದ್ದೆ, ಅದಕ್ಕೆ ನನ್ನಿಂದ ಮುಚ್ಚಿಟ್ಟಿದ್ದಾರೆ. ಆಮೇಲೆ ಅವಳು ನನ್ನ ಕೈ ಹಿಡಿದುಕೊಂಡು, "ಕೂಸಿಗೆ ಇನ್ನೂ ವರ್ಷ ತುಂಬಿಲ್ಲ ಅತ್ತೆ. ನೀವು ಬೇಡ ಅಂದ್ರೆ ಮಾತ್ರ ಬಿಡ್ತಾರೆ. ನಾನು ಹೇಳ್ದೆ ಅನ್ಬೇಡಿ," ಅಂದಳು. ಅವಳ ಮೇಲೆ ಸಿಟ್ಟು ಬರಲಿಲ್ಲ ರಂಗೂ. ಅವಳ ಜಾಗದಲ್ಲಿ ನಾನಿದ್ದಿದ್ದರೂ ಅದನ್ನೇ ಕೇಳುತ್ತಿದ್ದೆ. ಆದರೆ ನಿನಗೊಬ್ಬಳಿಗೆ ಹೇಳುತ್ತೇನೆ. ಅವಳು ಕೈ ಹಿಡಿಯುವ ಮೊದಲು ಒಂದು ಗಳಿಗೆ ನನಗೆ ಖುಷಿಯಾಗಿಬಿಟ್ಟಿತ್ತು. ಹೊಟ್ಟೆ ತುಂಬಾ ನೀರು ಕುಡಿಯಬಹುದು ಎಂದುಕೊಂಡುಬಿಟ್ಟಿದ್ದೆ. ಮಗ ನನ್ನ ಸಾವಿನ ಲೆಕ್ಕ ಹಾಕಿದ ಎಂದು ಇಷ್ಟು ದಿನ ಉರಿಯುತ್ತಿದ್ದೆನಲ್ಲ, ಅದೇ ನಿಜವಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಇವತ್ತು ಬರುವಾಗ ನಾಣಯ್ಯನ ಜೀಪಿನಲ್ಲಿ ಸುದೀಪನಿಗೆ, "ಪೆಟ್ರೋಲ್ ಬೇಡ ಕಣಪ್ಪ, ಡೀಸೆಲ್ ತಗೋ. ನಾನು ಇನ್ನೂ ಬಹಳ ವರ್ಷ ಈ ದಾರೀಲಿ ಓಡಾಡೋಳು," ಅಂದೆ. ಅವನು ತಿರುಗಿ ನನ್ನ ಮುಖ ನೋಡಿದ. ಅವನಿಗೆ ಅರ್ಥವಾಯಿತು ಅನ್ನಿಸುತ್ತದೆ. ಭಾಗಮಂಡಲ ದಾಟಿದ ಮೇಲೆ, "ಪೆಟ್ರೋಲೇ ಅವ್ವ. ಬುಕ್ ಆಗೋಗದೆ," ಅಂದ.